ಹೋಗುವಾಗ ಕಾಯುವ ಗಾಡಿ

ತೆರಕಣಾಂಬಿ ದಾಟಿ ಏರು ಶುರುವಾಗುತ್ತಿದ್ದ ಹಾಗೆಯೇ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇಳತೊಡಗಿತು. ಇವತ್ತು ಅದರ ಕಡೆ ನೋಡಲೇಬಾರದು ಎಂದು ಕನಕರಾಜು ಮನೆ ಬಿಡುವಾಗಲೇ ತೀರ್ಮಾನಿಸಿಕೊಂಡಿದ್ದ. ನೋಡದಿದ್ದರೆ ಏರುವುದಿಲ್ಲವೇನೋ ಎಂಬ ಆಸೆ. ಆದರೆ ಒಲೆಯ ಮೇಲೆ ಹಾಲಿಟ್ಟ ಹೆಂಗಸರನ್ನು ಕೇಳಿದರೆ ಗೊತ್ತಾಗುತ್ತದೆ: ನೋಡುತ್ತ ನಿಂತಷ್ಟು ಹೊತ್ತೂ ಸಾಧುವಿನಂತಿರುವ ಹಾಲು, ಕಣ್ಣು ಆಚೆ ತಿರುಗಿದ ಗಳಿಗೆಗೇ ಉಕ್ಕುತ್ತದೆ. ಅವನ ಪಿಕಪ್ ಗಾಡಿಯೂ ಅದೇ ಹಾಲಿನ ಜಾತಿಯದು. ಎದುರಿಗೆ ಬಂದ ಬಸ್ಸಿಗೆ ದಾರಿ ಬಿಟ್ಟು, ಗೇರು ಇಳಿಸಿ, ಮತ್ತೆ ಕಣ್ಣು ಹಾಯಿಸುವಷ್ಟರಲ್ಲಿ ಮುಳ್ಳು ಕೆಂಪು ಗೆರೆಗೆ ಒರಗಿ ಕೂತಿತ್ತು, ಉಂಡು ಬಂದು ಜಗಲಿ ಕಂಬಕ್ಕೆ ಒರಗಿದ ಯಜಮಾನನ ಹಾಗೆ, ಇನ್ನು ಏಳುವ ಅಂದಾಜೇ ಇಲ್ಲದೆ.

ಹುಣಸೆಮರದ ನೆರಳಿಗೆ ಗಾಡಿ ತಂದು ನಿಲ್ಲಿಸಿದ. ಎಂಜಿನ್ ಕೂಡಲೇ ಆಫ್ ಮಾಡಲಿಲ್ಲ. ಬಿಸಿಯಾದದ್ದನ್ನು ಒಮ್ಮೆಲೇ ಉಸಿರು ಕಟ್ಟಿಸಬಾರದು ಎಂಬ ಪಾಠ ಅವನಿಗೆ ಈಗ ಬಾಯಿಪಾಠವಾಗಿತ್ತು. ಬಾನೆಟ್ ಎತ್ತಿದ. ಆವಿ ಮುಖಕ್ಕೆ ಬಂತು. ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಲಿಲ್ಲ. ಅದೂ ಕಲಿತದ್ದೇ, ಎಡಗೈ ಮೇಲಿನ ಕಂದು ಕಲೆಯೇ ಅದರ ಮಾರ್ಕ್ಸ್ ಕಾರ್ಡು. ಇನ್ನು ಮಾಡುವುದಕ್ಕಿದ್ದದ್ದು ಒಂದೇ. ಗಾಡಿ ಕಾದಿತ್ತು, ಅದು ಆರುವ ತನಕ ಇವನು ಕಾಯಬೇಕು. ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು ಇಟ್ಟವನು ಖಂಡಿತ ಹಳೇ ಡೀಸೆಲ್ ಗಾಡಿ ಓಡಿಸಿದವನಿರಬೇಕು.

ಗಾಡಿಯ ಹಿಂದೆ, ಕೊಂಡಿಗೆ ತಗುಲಿಕೊಂಡು, ಎರಡು ಚಕ್ರದ ಮೇಲೆ ಬಾಯ್ಲರು ನಿಂತಿತ್ತು. ಕೆಳಗೆ ಸೌದೆ ಹಾಕುವ ಒಲೆ, ಮೇಲೆ ನೀರಿನ ದಪ್ಪ ಉಕ್ಕಿನ ಹಂಡೆ, ಪಕ್ಕದಲ್ಲಿ ಅರಿಶಿನ ತುಂಬುವ ಡ್ರಮ್ಮುಗಳು. ಹಂಡೆಯ ಆವಿ ಪೈಪಿನಲ್ಲಿ ಹೋಗಿ ಡ್ರಮ್ಮಿನ ಅರಿಶಿನವನ್ನು ಬೇಯಿಸುತ್ತದೆ. ಪೊಂಗಲ್ ಮುಗಿದು ಅರಿಶಿನ ಕೀಳಲು ಶುರುವಾದರೆ ಯುಗಾದಿ ತನಕ ಗುಂಡ್ಲುಪೇಟೆ, ಚಾಮರಾಜನಗರದ ಹೊಲಗಳಲ್ಲೆಲ್ಲ ಇಂಥ ಬಾಯ್ಲರುಗಳದ್ದೇ ಓಡಾಟ. ಕಿತ್ತ ಅರಿಶಿನ ರಾಶಿ ಹಾಕಿದ ಮೇಲೆ ಬಹಳ ದಿನ ತಡೆಯುವುದಿಲ್ಲ. ಬೇಯದಿದ್ದರೆ ಒಳಗೊಳಗೇ ಕೊಳೆಯುತ್ತದೆ. ಆದ್ದರಿಂದ ಹೇಳಿದ ದಿನಕ್ಕೆ ಹೇಳಿದ ಹೊಲದಲ್ಲಿ ಬಾಯ್ಲರು ನಿಂತಿರಬೇಕು. ಅದನ್ನು ಎಳೆದು ತರುವವನು ಕನಕರಾಜು. ಬೇಯಿಸುವವನು ಅವನ ಅಣ್ಣ ಗುರುಮಲ್ಲಯ್ಯ.

ಪಿಕಪ್ಪಿಗೂ ಬಾಯ್ಲರಿಗೂ ನಡುವೆ ಒಂದು ಕೊಂಡಿಯಾದರೂ ಇತ್ತು. ಅಣ್ಣ ತಮ್ಮಂದಿರ ನಡುವೆ ಅಷ್ಟೂ ಇರಲಿಲ್ಲ. ಮಾತು ಬಿಟ್ಟು ಎರಡು ವರ್ಷ. ಯಾರದೋ ಕಣದಲ್ಲಿ ಒಂದು ಡ್ರಮ್ಮು ಅರಿಶಿನ ಅತಿಯಾಗಿ ಬೆಂದು ಅಂಬಲಿಯಾಗಿತ್ತು. ಊಟಕ್ಕೆ ಹೋಗುವಾಗ ವಾಲ್ವು ನೋಡಿಕೋ ಎಂದಿದ್ದೆ ಎಂದು ಅಣ್ಣ. ಯಾವನಿಗೆ ಹೇಳಿದ್ದೆ, ಗಾಳಿಗಾ ಎಂದು ತಮ್ಮ. ಹತ್ತು ಜನ ಆಳುಗಳ ಮುಂದೆ ಆಡಬಾರದ್ದನ್ನೆಲ್ಲ ಆಡಿದರು. ಆವತ್ತಿನಿಂದ ಗುರುಮಲ್ಲಯ್ಯ ನಿಜಕ್ಕೂ ಗಾಳಿಗೇ ಹೇಳತೊಡಗಿದ. ಸೌದೆ ಮುಗಿಯುತ್ತ ಬಂದರೆ ಬಾಯ್ಲರಿನ ಕಡೆ ತಿರುಗಿ, ಸೌದೆ ಮುಗೀತು, ಯಾರಾದರೂ ತರುವ ಪುಣ್ಯಾತ್ಮರಿದ್ದರೆ ತರಬಹುದು ಎನ್ನುವನು. ಕನಕರಾಜು ಪಿಕಪ್ಪಿನ ಟೈರಿಗೆ, ಹೊರಟಿದ್ದೀವಲ್ಲಪ್ಪಾ, ಕಾಲು ಸುಟ್ಟುಕೊಂಡವರ ಹಾಗೆ ಆಡಿದರೆ ಸೌದೆಗೆ ರೆಕ್ಕೆ ಬರುತ್ತದಾ ಎಂದು ಉತ್ತರ ಕೊಡುವನು. ಬಾಯ್ಲರಿಗೆ ಬಾಯಿಲ್ಲ, ಟೈರಿಗೆ ಕಿವಿಯಿಲ್ಲ, ಆದರೂ ಕೆಲಸ ನಡೆಯುತ್ತಿತ್ತು. ಇಬ್ಬರೂ ಒಂದೇ ಗಾಡಿಯಲ್ಲಿ ಕೂರುತ್ತಿರಲಿಲ್ಲ. ಅಣ್ಣ ತನ್ನ ಟಿವಿಎಸ್ ಮೊಪೆಡ್ಡಿಗೆ ಬುತ್ತಿ ಕ್ಯಾರಿಯರ್ ನೇತುಹಾಕಿಕೊಂಡು ಬೇರೆಯಾಗಿ ಬರುತ್ತಿದ್ದ.

ಈ ವರ್ಷ ಅದರ ಮೇಲೆ ಈ ಕಾಯುವ ಕಾಯಿಲೆ ಸೇರಿಕೊಂಡಿತು. ಬಾಯ್ಲರು ಕಟ್ಟಿಕೊಂಡು ಹೊರಟರೆ ಗಾಡಿ ಕಾಯುತ್ತದೆ. ಏರು ಬಂದರೆ ಏದುಸಿರು ಬಿಡುತ್ತದೆ. ಹೆಸರು ಪಿಕಪ್ಪು, ಪಿಕಪ್ಪೇ ಇಲ್ಲ. ಒಮ್ಮೆ ಬೇಗೂರಿನ ದಾರಿಯಲ್ಲಿ, ಒಮ್ಮೆ ಹೊರೆಯಾಲದ ಹತ್ತಿರ, ಆಮೇಲೆ ಲೆಕ್ಕ ಇಡುವುದನ್ನು ಬಿಟ್ಟ. ಕಾದು ಕೂತಿದ್ದ ರೈತರೊಬ್ಬಿಬ್ಬರು ಸತ್ಯಮಂಗಲದ ಕಡೆಯಿಂದ ಬರುವ ತಮಿಳರ ಬಾಯ್ಲರನ್ನು ಕರೆಸಿಕೊಂಡರು.

ಹೋದ ವಾರ ಗುರುಮಲ್ಲಯ್ಯ ಕೊಟ್ಟಿಗೆಯಲ್ಲಿ ಹಸುವಿನ ಮೈ ತಿಕ್ಕುತ್ತ, ಅಂಗಳದಲ್ಲಿದ್ದ ತಮ್ಮನಿಗೆ ಕೇಳುವ ಹಾಗೆ, ಹಸುವಿಗೆ ಒಂದು ಸುದ್ದಿ ಹೇಳಿದ. ಇನ್ನೊಂದು ಸಲ ಈ ಗಾಡಿ ದಾರಿಯಲ್ಲಿ ನಿಂತರೆ ಮುಗಿಯಿತು, ಬಾಯ್ಲರು ತಾಳವಾಡಿಯವನಿಗೆ ಕೊಟ್ಟುಬಿಡುತ್ತೇನೆ, ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ವಾಚ್‌ಮನ್ ಕೆಲಸ ಇದೆ, ಸಮವಸ್ತ್ರ ಅವರೇ ಕೊಡುತ್ತಾರೆ, ಕುರ್ಚಿಯೂ ಕೊಡುತ್ತಾರೆ. ಹಸು ಬಾಲ ಬೀಸಿತು. ಕನಕರಾಜುವಿಗೆ ಆ ರಾತ್ರಿ ಅನ್ನ ಇಳಿಯಲಿಲ್ಲ. ಪಿಕಪ್ಪಿಗೆ ಬೇರೆ ಬಾಡಿಗೆ ಸಿಗುತ್ತದೆ. ಟೊಮೇಟೊ ಇದೆ, ಕೋಸು ಇದೆ. ಆದರೆ ಬಾಯ್ಲರು ಹೋದರೆ ಅಣ್ಣನೂ ತಾನೂ ಒಂದೇ ಕಣದಲ್ಲಿ ನಿಲ್ಲುವುದಕ್ಕೆ ಉಳಿದಿದ್ದ ಒಂದೇ ನೆಪವೂ ಹೋಯಿತು. ಬೈದುಕೊಳ್ಳುವುದಕ್ಕೆ ಟೈರೂ ಇರುವುದಿಲ್ಲ.

ಆ ಇನ್ನೊಂದು ಸಲ ಇವತ್ತು ಬಂದಿತ್ತು.

ಫೋನು ಬಡಿದುಕೊಂಡಿತು. ಉಮ್ಮತ್ತೂರಿನ ನಂಜುಂಡಪ್ಪ. ಅವರ ಅರಿಶಿನ ಕಿತ್ತು ರಾಶಿ ಬಿದ್ದಿತ್ತು, ಆಳುಗಳು ಬಂದು ಕೂತಿದ್ದರು. ಎಲ್ಲಿದ್ದೀಯಪ್ಪಾ ಎಂದು ಕೇಳಿದರು. ಬತ್ತಾ ಇದ್ದೀನಿ ಎಂದ ಕನಕರಾಜು. ನಿನ್ನ ಗಾಡಿ ಬರುವುದಕ್ಕಿಂತ ಮುಂಚೆ ನನ್ನ ಅರಿಶಿನವೇ ಎದ್ದು ಚಿಗುರಿಕೊಂಡು ನಿನ್ನ ಹತ್ತಿರ ಬರುತ್ತದೆ ಎಂದು ಹೇಳಿ ಅವರು ಫೋನು ಇಟ್ಟರು. ಬೈಗುಳದಲ್ಲಿ ಏರುದನಿಯಿರಲಿಲ್ಲ. ಅದೇ ಭಯ.

ಬಾಟಲಿಯ ನೀರಲ್ಲಿ ಮುಖ ತೊಳೆದುಕೊಂಡು ಕನಕರಾಜು ಮೃತ್ಯುಂಜಯನಿಗೆ ಫೋನು ಮಾಡಿದ. ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಮೃತ್ಯುಂಜಯನ ಶೆಡ್ಡು. ಬಂಡೀಪುರದ ಗೇಟು ಬೆಳಗ್ಗೆ ತೆಗೆಯುವುದನ್ನೇ ಕಾದು ನಿಂತ ಕೇರಳದ ತರಕಾರಿ ಲಾರಿಗಳಿಗೆಲ್ಲ ಅವನೇ ವೈದ್ಯ. ಕೆಟ್ಟ ಗಾಡಿ ತಂದವರಿಗೆ ಅವನ ಮೊದಲ ಪ್ರಶ್ನೆ, ಸದ್ದು ಹೆಂಗೆ ಬರ್ತದೆ, ಮಾಡಿ ತೋರಿಸಿ ಎನ್ನುವುದು. ಮೀಸೆ ಬಿಟ್ಟ ದೊಡ್ಡ ದೊಡ್ಡ ಗಂಡಸರು ಅವನ ಶೆಡ್ಡಿನ ಮುಂದೆ ನಿಂತು ಕರ್ರಕ್ ಕರ್ರಕ್ ಎಂದೋ ಟಿಣಿ ಟಿಣಿ ಎಂದೋ ಅನ್ನುತ್ತಿರುತ್ತಾರೆ. ಅವನು ಅದನ್ನು ತಾನೂ ಒಮ್ಮೆ ಅಂದು, ಹಿಂಗಾ ಅಥವಾ ಹಿಂಗಾ ಎಂದು ಎರಡು ರಾಗದಲ್ಲಿ ಕೇಳಿ ಆಮೇಲೆ ಸ್ಪ್ಯಾನರ್ ಹಿಡಿಯುವನು. ಗುರುಮಲ್ಲಯ್ಯ ಗಾಳಿಯ ಜೊತೆ ಮಾತಾಡುವ ಶೈಲಿಯನ್ನೂ ಅವನು ಎಷ್ಟು ಚೆನ್ನಾಗಿ ಮಾಡುತ್ತಾನೆಂದರೆ, ಶೆಡ್ಡಿನಲ್ಲಿ ಟೀ ಬೇಕಾದಾಗ ಟೈರುಗಳ ಕಡೆ ತಿರುಗಿ, ಯಾರಾದರೂ ಪುಣ್ಯಾತ್ಮರಿದ್ದರೆ ಎಂದು ಶುರುಮಾಡುವನು. ಕನಕರಾಜು ನಕ್ಕಿದ್ದ. ನಕ್ಕ ಮೇಲೆ ಮನಸ್ಸಿಗೆ ಬೇಜಾರಾಗಿತ್ತು.

ಈ ಕಾಯಿಲೆಗೆ ಮಾತ್ರ ಮೃತ್ಯುಂಜಯನೂ ಸೋತಿದ್ದ. ಮುಚ್ಚಳ ಬದಲಾಯಿಸಿದ. ಫ್ಯಾನ್ ಬೆಲ್ಟು ಬಿಗಿ ಮಾಡಿದ. ರೇಡಿಯೇಟರ್ ಬಿಚ್ಚಿ ಎರಡು ಸಲ ತೊಳೆಸಿದ. ಒಳಗಿಂದ ಬಂದ ಕೆಸರು ನೋಡಿ ಇಬ್ಬರಿಗೂ ಸಂತೋಷವಾಗಿತ್ತು, ಕಳ್ಳ ಸಿಕ್ಕಿದ ಎಂದು. ಸಿಕ್ಕಿರಲಿಲ್ಲ. ನೀರು ಬಿಡುವ ಥರ್ಮೋಸ್ಟಾಟ್ ಹೊಸದು ಹಾಕಿದ. ವಾಟರ್ ಪಂಪೂ ಹೊಸದೇ. ಪ್ರತಿ ಸಲವೂ ಕನಕರಾಜು ಬಾಯ್ಲರನ್ನು ಮನೆ ಅಂಗಳದಲ್ಲೇ ಬಿಚ್ಚಿಟ್ಟು, ಬರೀ ಪಿಕಪ್ಪನ್ನು ಶೆಡ್ಡಿಗೆ ಒಯ್ಯುತ್ತಿದ್ದ. ಇಬ್ಬರೂ ಕೂತು ಬಂಡೀಪುರದ ಕಡೆ ಒಂದು ಸುತ್ತು ಹೋಗಿ ಬಂದರೆ ಮುಳ್ಳು ನಡುಮಧ್ಯದಲ್ಲಿ, ಹೇಳಿದ ಮಾತು ಕೇಳುವ ಮಗುವಿನ ಹಾಗೆ. ಎಂಜಿನ್ ಹೆಡ್ ಒಂದು ಬಿಚ್ಚುವುದು ಉಳಿದಿತ್ತು. ಅದಕ್ಕೆ ಕನಕರಾಜು ಒಪ್ಪಿರಲಿಲ್ಲ.

ಫೋನಿನಲ್ಲಿ ಮೃತ್ಯುಂಜಯ ಮೊದಲು ಆಕಳಿಸಿದ. ಆಮೇಲೆ ಕೇಳಿದ, ಬೇಯಿಸಿ ಮುಗಿಸಿಕೊಂಡು ವಾಪಸ್ ಬರುವಾಗ ಯಾವತ್ತಾದರೂ ಕಾದಿದೆಯಾ ಎಂದು.

ಕನಕರಾಜು ಯೋಚಿಸಿದ. ಇಲ್ಲ. ಅದೇ ಬಾಯ್ಲರು, ಅದೇ ಏರು ಇಳಿತ, ಒಂದು ಸಲವೂ ಇಲ್ಲ. ಇಷ್ಟು ದಿನ ಇದು ತನಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು; ನಾಚಿಕೊಳ್ಳುವಷ್ಟೂ ತ್ರಾಣವಿರಲಿಲ್ಲ. ವಾಪಸ್ ಬರುವಾಗ ಅವನು ಯಾವಾಗಲೂ ಸುಸ್ತಾಗಿರುತ್ತಿದ್ದ. ಕೆಡದೇ ಇದ್ದದ್ದನ್ನು ಯಾರು ಗಮನಿಸುತ್ತಾರೆ.

"ನಿನ್ ಗಾಡಿಗೆ ಕಾಯ್ಲೆ ಇಲ್ಲ ಕಣಯ್ಯಾ," ಎಂದ ಮೃತ್ಯುಂಜಯ. "ಅತ್ತೆಮನೆಗೆ ಓಗೋ ಹೆಣ್ಣಂಗೆ ಆಡ್ತಾ ಅದೆ. ಓಗುವಾಗ ಅಳು, ಬರುವಾಗ ನಗು. ನಾನು ಇಷ್ಟು ದಿನ ಹೆಣ್ಣಿನ ನಾಡಿ ಇಡ್ಕಂಡೇ ಕೂತಿದ್ದೆ, ಹಿಂದೆ ಹೊತ್ಕಂಡಿರೋ ಗಂಟ ನೋಡ್ಲೇ ಇಲ್ಲ. ಓಗಿ ಆ ಬಾಯ್ಲರ್ ಹಂಡೆ ತಟ್ಟು. ಫೋನ್ ಹತ್ರ ಇಡ್ಕ, ನಾನು ಕೇಳುಸ್ಕತೀನಿ."

ಕನಕರಾಜು ಹೋಗಿ ಬೆರಳ ಗೆಣ್ಣಿನಿಂದ ಹಂಡೆ ತಟ್ಟಿದ. ದುಬ್ ಎಂದಿತು. ಇನ್ನೊಂದು ಕಡೆ ತಟ್ಟಿದ. ದುಬ್.

"ದುಬ್," ಎಂದ ಮೃತ್ಯುಂಜಯ ಫೋನಿನೊಳಗಿಂದ, ಅದೇ ದನಿಯಲ್ಲಿ. "ಮದುವೆ ಊಟ ಮಾಡಿ ಮಲಗಿರೋನ್ ಹೊಟ್ಟೆ ತಟ್ದಂಗದೆ. ಬರೀ ಹಂಡೆ ಠಣ್ ಅನ್ಬೇಕು. ಏನ್ ತುಂಬ್ಕಂಡ್ ಓಯ್ತಿದ್ದೀಯೆ ಅದ್ರಲ್ಲಿ?"

ಏನೂ ಇಲ್ಲವಲ್ಲ ಎಂದು ಹೇಳುತ್ತಲೇ ಕನಕರಾಜು ಬಗ್ಗಿ ತಳದ ದಪ್ಪ ವಾಲ್ವು ತಿರುಗಿಸಿದ. ನೀರು ಅವನ ಮೊಣಕಾಲಿಗೇ ನುಗ್ಗಿತು. ಹಾರಿ ಪಕ್ಕಕ್ಕೆ ಬಂದ. ಕೊಳವೆಬಾವಿಯ ತಿಳಿನೀರು ಕೈಗಾತ್ರವಾಗಿ ಸುರಿದು ರಸ್ತೆ ಪಕ್ಕದ ಮಣ್ಣು ಕೊರೆಯಿತು. ನಿಲ್ಲುವ ಲಕ್ಷಣ ಕಾಣಲಿಲ್ಲ. ಬಾಯಿಮಟ್ಟ ತುಂಬಿಸಿದ್ದಾರೆ. ಬಾಯ್ಲರಿನಷ್ಟೇ ತೂಕದ ಇನ್ನೊಂದು ಬಾಯ್ಲರನ್ನು ಅವನ ಗಾಡಿ ಇಷ್ಟು ದಿನ ಗೊತ್ತಿಲ್ಲದೆ ಎಳೆದಿತ್ತು. ಚಕ್ರಗಳ ಟೈರು ಹೊಟ್ಟೆ ಬಿಟ್ಟುಕೊಂಡದ್ದನ್ನು ಅವನು ನೋಡಿದ್ದ. ಟ್ಯೂಬು ಹಳತಾಯಿತೆಂದು ಗಾಳಿ ಹೊಡೆಸಿದ್ದ. ಇಂಥ ಬುದ್ಧಿಗೆ ಏನು ಹೊಡೆಸಬೇಕೋ.

ಮೃತ್ಯುಂಜಯನಿಗೆ ಆಮೇಲೆ ಮಾಡುತ್ತೇನೆಂದು ಹೇಳಿ ಫೋನು ಇಟ್ಟು, ಅವನು ಮೈಲಿಗಲ್ಲಿನ ಮೇಲೆ ಕೂತ. ಹಂಡೆಗೆ ನೀರು ತುಂಬಿಸುವುದು ಹೊಲದಲ್ಲಿ. ಅದು ಗುರುಮಲ್ಲಯ್ಯನ ಕೆಲಸ. ಬಾಯ್ಲರು ಬಿಚ್ಚಿ ನಿಲ್ಲಿಸಿದ ಕೂಡಲೇ ಕನಕರಾಜು ಸೌದೆಗೆ ಹೋಗಿಬಿಡುತ್ತಾನೆ. ಬರುವಷ್ಟರಲ್ಲಿ ಒಲೆ ಹತ್ತಿರುತ್ತದೆ. ಕೆಲಸ ಮುಗಿದ ಮೇಲೆ ಹಂಡೆ ಬರಿದು ಮಾಡುವುದೂ ಅಣ್ಣನೇ. ಬಾಯ್ಲರಿಗೆ ಕೈ ಹಾಕುವವರು ಜಗತ್ತಿನಲ್ಲಿ ಇಬ್ಬರೇ. ಅದರಲ್ಲಿ ತಾನಂತೂ ತುಂಬಿಸಿಲ್ಲ.

ಹೀಗೂ ಮಾಡುತ್ತಾನಾ. ಗಾಡಿ ನಿಲ್ಲಲಿ ಎಂದೇ ನೀರು ತುಂಬಿಸಿ, ನಿಂತ ಮೇಲೆ ಹಸುವಿನ ಹತ್ತಿರ ದೂರು ಹೇಳಿ, ಬಾಯ್ಲರು ಮಾರಿ, ಕುರ್ಚಿ ಮೇಲೆ ಕೂರುವುದಕ್ಕೆ ಹೊರಟನಾ. ಹೋಗುವುದಿದ್ದರೆ ನೇರ ಹೋಗಬಹುದಿತ್ತು. ಕನಕರಾಜುವಿಗೆ ಸಿಟ್ಟು ಬರಬೇಕಿತ್ತು. ಸಿಟ್ಟಿಗೂ ಒಂದಿಷ್ಟು ಮೈ ಶಕ್ತಿ ಬೇಕು. ಬಂದದ್ದು ದಣಿವೇ. ಎರಡು ವರ್ಷದ ದಣಿವೆಲ್ಲ ಒಟ್ಟಿಗೆ ಬಂದು ಮೈಲಿಗಲ್ಲಿನ ಮೇಲೆ ಅವನ ಪಕ್ಕದಲ್ಲಿ ಕೂತ ಹಾಗಾಯಿತು.

ಮನೆಗೆ ಫೋನು ಮಾಡಿದ. ಹೆಂಡತಿ ಸುಧಾಮಣಿ ಎತ್ತಿದಳು. ಅವ್ವನಿಗೆ ಕೊಡು ಎಂದ. ಮಂಚಮ್ಮ ಬಂದು, ಫೋನನ್ನು ಬಾಯಿಗೆ ಬಹಳ ಹತ್ತಿರ ಹಿಡಿದು ಉಸಿರು ಬಿಟ್ಟಳು. ನಿನ್ನ ದೊಡ್ಡಮಗ ಎಂಥಾ ಕೆಲಸ ಮಾಡಿದ್ದಾನೆ ನೋಡು ಎಂದು ಶುರುಮಾಡಿ ಕನಕರಾಜು ಎಲ್ಲವನ್ನೂ ಹೇಳಿದ. ಹಂಡೆ, ನೀರು, ಕಾದ ಗಾಡಿ, ಉಮ್ಮತ್ತೂರಿನಲ್ಲಿ ಕೊಳೆಯುತ್ತಿರುವ ರಾಶಿ. ಅವ್ವ ನಡುವೆ ಬಾಯಿ ಹಾಕಲಿಲ್ಲ. ಅದೇ ವಿಚಿತ್ರ.

"ಅವ್ನಲ್ಲ ಕಣಪ್ಪ. ನಾನು," ಎಂದಳು.

ಅವನಿಗೆ ಅರ್ಥವಾಗಲಿಲ್ಲ.

"ಬರೀ ಹಂಡೆ ಒಸ್ಲು ಮುಂದ್ಲಿಂದ ಓಗ್ಬಾರ್ದು. ಕೊಡ ಬರಿದಾಗಿ ಎದುರ್ಗೆ ಬಂದ್ರೆ ನಾವು ವಾಪಸ್ ಬಂದು ಕೂತ್ಕಂಡು ಓಗಲ್ವಾ? ನೀವು ಮಾತ್ ಬುಟ್ರಲ್ಲ, ಆವತ್ತೂ ಅದು ಬರಿದಾಗೇ ಓಯ್ತು. ನಾನು ಬಾಗ್ಲಲ್ಲೇ ನಿಂತಿದ್ದೆ, ನೋಡ್ದೆ. ಎದೆ ಧಸಕ್ ಅಂತು. ಸಂಜೆಗೆ ನೀವಿಬ್ರೂ ಹಂಗ್ ಬಂದ್ರಿ. ಓದ್ವರ್ಸ ಒಂದೊಂದು ಕೊಡ ನೀರು ಉಯ್ದು ಕಳುಸ್ದೆ. ಏನೂ ಆಗ್ನಿಲ್ಲ. ಅಷ್ಟು ದೊಡ್ಡ ಹಂಡೆಗೆ ಒಂದು ಕೊಡ ಯಾವ ಮೂಲೆಗೆ ಅಂತ ಈ ವರ್ಸ ಪೈಪ್ ಬುಟ್ಟು ತುಂಬುಸ್ಬುಟ್ಟೆ."

ಯಾವಾಗ ತುಂಬಿಸುತ್ತೀಯ ಎಂದು ಕೇಳಿದ. ನೀವು ಏಳುವುದಕ್ಕೆ ಮುಂಚೆ, ಕರೆಂಟು ಬಂದಾಗ ಎಂದಳು. ಯಾರಿಗೂ ಹೇಳಬಾರದಿತ್ತು, ಹೇಳಿದರೆ ಫಲವಿಲ್ಲ, ಈಗ ಹೇಳಿಬಿಟ್ಟೆನಲ್ಲ ಎಂದು ಅವಳ ಕೊರಗು. ಆ ನೀರಿನ ಭಾರಕ್ಕೇ ಗಾಡಿ ಕಾಯುತ್ತಿದೆ ಕಣವ್ವ ಎಂದು ಕನಕರಾಜು ಹೇಳಿದ.

"ನೀರು ತಣ್ಣಗಿರ್ತದಲ್ಲಪ್ಪ," ಎಂದಳು ಮಂಚಮ್ಮ. "ನೀರಿಂದ ಯಾವ್ದಾರ ಕಾಯ್ತದಾ?"

ಇದಕ್ಕೆ ಉತ್ತರ ಇತ್ತು. ಎಂಜಿನ್ನಿನಿಂದ ಶುರುಮಾಡಿ ಬಹಳ ದೂರ ವಿವರಿಸಬೇಕಾಗಿತ್ತು. ಆಗಲಿ ಕಣವ್ವ ಎಂದು ಫೋನು ಜೇಬಿಗಿಟ್ಟ.

ಆಗ ಹಿಂದಿನ ತಿರುವಿನಲ್ಲಿ ಟಿವಿಎಸ್ಸಿನ ಪಟಪಟ ಕೇಳಿಸಿತು. ಗುರುಮಲ್ಲಯ್ಯ, ತಲೆಗೆ ಟವೆಲು, ಹ್ಯಾಂಡಲಿಗೆ ಬುತ್ತಿ. ಸಾಮಾನ್ಯವಾಗಿ ಗಾಡಿ ನಿಂತದ್ದು ಕಂಡರೆ ಅವನು ನಿಧಾನ ಮಾಡಿ, ಆಕಾಶಕ್ಕೆ ಒಂದು ಮಾತು ಹೇಳಿ, ಮುಂದೆ ಹೋಗಿಬಿಡುವನು. ಇವತ್ತು ನಿಲ್ಲಿಸಿದ. ಎತ್ತಿದ ಬಾನೆಟ್ಟು ನೋಡಿದ. ಆಮೇಲೆ ಬಾಯ್ಲರಿನ ತಳದಿಂದ ಸುರಿಯುತ್ತಿದ್ದ ನೀರು ನೋಡಿದ. ಅದನ್ನೇ ಬಹಳ ಹೊತ್ತು ನೋಡಿದ. ಕನಕರಾಜು ಬದನಗುಪ್ಪೆಯ ಕುರ್ಚಿಯ ಸುದ್ದಿಗೆ ಸಿದ್ಧನಾಗಿ ತಲೆ ತಗ್ಗಿಸಿ ಕೂತ.

"ಯಾಕ್ಲಾ ಚೆಲ್ತಾ ಇದ್ದೀಯೆ?"

ಕನಕರಾಜು ತಲೆಯೆತ್ತಿದ. ಲಾ ಎಂದದ್ದು ಯಾರಿಗೆ ಎಂದು ಸುತ್ತ ನೋಡಿದ. ಹಸು ಇರಲಿಲ್ಲ. ಅಣ್ಣ ಅವನನ್ನೇ ನೋಡುತ್ತಿದ್ದ.

"ಅಷ್ಟೊತ್ಗೇ ಎದ್ದು ತುಂಬ್ಸಿ ತಂದೋನು, ಈಗ ರಸ್ತೆಗೆ ಬುಡ್ತಾ ಇದ್ದೀಯಲ್ಲ," ಎಂದ ಗುರುಮಲ್ಲಯ್ಯ. ದನಿ ಒಡ್ಡೊಡ್ಡಾಗಿತ್ತು, ಬಹಳ ದಿನ ನಿಲ್ಲಿಸಿದ ಗಾಡಿಯ ಮೊದಲ ಸ್ಟಾರ್ಟಿನ ಹಾಗೆ. "ಪೈಪ್ ಎಳ್ಯಕ್ಕೆ ನನ್ ಬಲಗೈ ಎದ್ದೇಳಲ್ಲ ಅಂತ ನಾನು ಯಾರ್ಗೂ ಯೋಳಿಲ್ಲ. ಮನೇಲೂ ಯೋಳಿಲ್ಲ. ಹಂಡೆ ತುಂಬಿರೋದ ಮೊದಲ್ನೇ ಸಲ ನೋಡ್ದಾಗ, ಇವ್ನಿಗೆಂಗಪ್ಪಾ ಗೊತ್ತಾಯ್ತು ಅನ್ಕಂಡೆ."

ಇಷ್ಟು ಹೇಳಿ ಅವನು ಟವೆಲು ಬಿಚ್ಚಿ ಮತ್ತೆ ಕಟ್ಟಿಕೊಂಡ. ಕಟ್ಟಿಕೊಳ್ಳುವಾಗ ಬಲಗೈ ಭುಜದ ಮಟ್ಟಕ್ಕೆ ಬಂದು ನಿಂತಿತು. ಉಳಿದದ್ದನ್ನು ಎಡಗೈ ಮಾಡಿತು. ಕನಕರಾಜು ಈ ಎರಡು ವರ್ಷ ಆ ಕೈಯನ್ನು ದಿನವೂ ನೋಡಿದ್ದ. ಅಂದರೆ, ನೋಡಬಾರದೆಂದು ಬೇರೆ ಕಡೆ ನೋಡಿದ್ದ.

ನಾನಲ್ಲ ಎಂಬ ಮಾತು ಅವನ ನಾಲಗೆಯ ತುದಿಯಲ್ಲೇ ಇತ್ತು. ಚಿಕ್ಕ ಮಾತು. ಅದನ್ನು ಆಡಿದರೆ ಸುಳ್ಳಿಲ್ಲ, ತಪ್ಪಿಲ್ಲ. ಅಣ್ಣ ಹೌದಾ ಎಂದು ಟಿವಿಎಸ್ ಹತ್ತಿ ಹೋಗುತ್ತಾನೆ. ಒಂದು ಇಡೀ ಕಾಲ ಅಣ್ಣ ಒಳಗೊಳಗೆ ಇಟ್ಟುಕೊಂಡು ಬೇಯಿಸಿದ್ದು ರಸ್ತೆಗೆ ಸುರಿದು ಹೋಗುತ್ತದೆ. ಯಾರಿಗೂ ಹೇಳಬಾರದಿತ್ತು ಎಂದ ಅವ್ವನ ಉಸಿರು ಇನ್ನೂ ಕಿವಿಯಲ್ಲಿತ್ತು.

"ಗಾಡಿ ತಡೀತಿಲ್ಲ ಕಣಣ್ಣಾ," ಎಂದ ಕನಕರಾಜು. "ತುಂಬುಸ್ಕಂಡು ಬಂದ್ರೆ ಎಳೆಯಲ್ಲ. ಇನ್ಮೇಲೆ ಹೊಲ್ದಲ್ಲೇ ತುಂಬುಸ್ತೀನಿ. ಪೈಪ್ ನಾನೇ ಎಳೀತೀನಿ, ಆಮೇಲೆ ಸೌದೆಗೆ ಓಯ್ತೀನಿ."

"ಇದುಕ್ಕಾ ಕಾಯ್ತಿದ್ದದ್ದು ಇಷ್ಟು ದಿನ?"

"ಇದುಕ್ಕೇ."

ಗುರುಮಲ್ಲಯ್ಯ ಪಿಕಪ್ಪನ್ನು ಒಂದು ಸಲ ನೋಡಿದ. ಪಾಪದ್ದು, ಸುಮ್ಮನೆ ಬೈದೆವು ಎಂಬಂತಿತ್ತು ಆ ನೋಟ. ಬದನಗುಪ್ಪೆಯ ಮಾತು ಬರಲಿಲ್ಲ. ಮುಂದೆ ಹೋಗಿ ನಂಜುಂಡಪ್ಪನವರನ್ನು ಸಮಾಧಾನ ಮಾಡಿರುತ್ತೇನೆ ಎಂದು ಹೇಳಿ ಹೊರಟ. ಅದನ್ನೂ ತಮ್ಮನಿಗೇ ಹೇಳಿದ.

ನೀರು ನಿಂತಿತು. ಎಂಜಿನ್ ಆರಿದ ಮೇಲೆ, ಬಟ್ಟೆ ಸುತ್ತಿ ಮುಚ್ಚಳ ನಿಧಾನಕ್ಕೆ ತಿರುಗಿಸಿ, ಕಡಿಮೆಯಾದ ಕೂಲೆಂಟು ಹಾಕಿ, ಕನಕರಾಜು ಗಾಡಿ ಹೊರಡಿಸಿದ. ಏರು ಬಂತು. ಮುಳ್ಳು ನಡುಮಧ್ಯಕ್ಕೆ ಬಂದು ಅಲ್ಲೇ ನಿಂತಿತು. ಏರು ಮುಗಿಯಿತು. ಸಂತೋಷ ಆಗಬೇಕಾಗಿತ್ತು, ಆಗಿರಲೂಬಹುದು. ಅವನಿಗೆ ಕಣ್ಣು ಎಳೆಯುತ್ತಿತ್ತು. ಚಾಮರಾಜನಗರದಲ್ಲಿ ಒಂದು ಟೀ ಕುಡಿದು ಮುಂದೆ ಹೋದ.

ಉಮ್ಮತ್ತೂರಿನಲ್ಲಿ ನಂಜುಂಡಪ್ಪನವರು ಬೈಯಬೇಕಾದದ್ದನ್ನು ಅಷ್ಟರಲ್ಲಾಗಲೇ ಗುರುಮಲ್ಲಯ್ಯನಿಗೆ ಬೈದು ಮುಗಿಸಿದ್ದರು. ಕನಕರಾಜು ಬಾಯ್ಲರು ನಿಲ್ಲಿಸಿ, ಕೊಳವೆಬಾವಿಯಿಂದ ಹೊಲದ ಉದ್ದಕ್ಕೂ ಪೈಪ್ ಎಳೆದ. ನೀರು ತುಂಬಿಕೊಂಡ ಪೈಪಿಗೆ ಹೆಬ್ಬಾವಿನ ಭಾರ, ಹೆಬ್ಬಾವಿನದೇ ಹಟ. ಇದನ್ನು ಅಣ್ಣ ಒಂದೇ ಕೈಯಲ್ಲಿ ಹೇಗೆ ಎಳೆದನೋ, ಅವ್ವ ತುಂಬಿಸತೊಡಗುವುದಕ್ಕೆ ಮುಂಚೆ ಎಷ್ಟು ದಿನ ಎಳೆದನೋ. ಹಂಡೆ ತುಂಬುತ್ತ ಬಂದಾಗ ಗುರುಮಲ್ಲಯ್ಯ ಗಾಜಿನ ಕೊಳವೆಯಲ್ಲಿ ಮಟ್ಟ ನೋಡಿ, ಸಾಕು ಕಣ್ಲಾ ಎಂದ. ಮಧ್ಯಾಹ್ನದ ಹೊತ್ತಿಗೆ ಬೆಂದ ಅರಿಶಿನದ ವಾಸನೆ ಹೊಲವೆಲ್ಲ ಹರಡಿತು. ಅವರಿಬ್ಬರ ನಡುವೆ ಆ ದಿನ ಆದ ಮಾತುಗಳೆಲ್ಲ ಸೌದೆ, ನೀರು, ಉಪ್ಪಿನಕಾಯಿ ಇವುಗಳ ಬಗ್ಗೆಯೇ.

ರಾತ್ರಿ ಊಟಕ್ಕೆ ಬಡಿಸುತ್ತ ಮಂಚಮ್ಮ ಇಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡಿದಳು. ಗುರುಮಲ್ಲಯ್ಯ ತಮ್ಮನಿಗೆ ಮಜ್ಜಿಗೆ ಚೊಂಬು ದಾಟಿಸು ಎಂದಾಗ ಅವಳ ಕೈಯ ಸೌಟು ಗಾಳಿಯಲ್ಲೇ ನಿಂತಿತು. ಆಮೇಲೆ ಹಿತ್ತಲಲ್ಲಿ ಕನಕರಾಜುವನ್ನು ಹಿಡಿದುಕೊಂಡು ಪಿಸುಗುಟ್ಟಿದಳು: ನೋಡಿದೆಯಾ, ತುಂಬಿಸಿದ್ದಕ್ಕೆ ಫಲ ಸಿಕ್ಕಿತು, ಹೇಳಿದ ಮೇಲೂ ಸಿಕ್ಕಿತು, ಇನ್ನು ಯಾವ ಕಾರಣಕ್ಕೂ ನಿಲ್ಲಿಸುವುದಿಲ್ಲ. ಅವನು ಗಾಡಿಯ ವಿಷಯ ಎತ್ತಿದ. ಗಾಡಿಗೆ ಏನಾಗಿದೆ, ಇವತ್ತು ಸರಿಯಾಗಿ ಹೋಗಿ ಬಂತಲ್ಲ ಎಂದಳು. ಆ ಮಾತೂ ನಿಜವೇ ಆಗಿತ್ತು. ಅವನು ಹೋಗಿ ಮಲಗಿದ.

ಮುಂದಿನ ಬಾಡಿಗೆ ಕಬ್ಬಹಳ್ಳಿಯ ಕಡೆ. ಬೆಳಗ್ಗೆ ಕೊಂಡಿ ಹಾಕುವಾಗ ಕನಕರಾಜು ಹಂಡೆಯನ್ನು ಮೆಲ್ಲಗೆ ತಟ್ಟಿ ನೋಡಿದ. ದುಬ್. ಅವ್ವ ಬಾಗಿಲಲ್ಲಿ ನಿಂತು, ತುಂಬಿದ ಹಂಡೆ ಹೊಸಿಲ ಮುಂದಿನಿಂದ ಹೋಗುವುದನ್ನು ಕಣ್ತುಂಬ ನೋಡಿದಳು. ಅವನು ಒಂದನೇ ಗೇರಿನಲ್ಲಿ ಬೀದಿ ದಾಟಿದ. ಊರ ಹೊರಗೆ, ಏರು ಶುರುವಾಗುವುದಕ್ಕೆ ಮುಂಚೆ, ಮೋರಿಯ ಹತ್ತಿರ ನಿಲ್ಲಿಸಿ, ಇಳಿದು, ವಾಲ್ವು ತಿರುಗಿಸಿ, ಮೋರಿಕಟ್ಟೆಯ ಮೇಲೆ ಕೂತ. ಇಷ್ಟು ನೀರು ಹೋಗುವುದಕ್ಕೆ ಒಂದು ಸಣ್ಣ ನಿದ್ದೆಯಷ್ಟು ಹೊತ್ತು ಬೇಕು. ಯುಗಾದಿ ತನಕ ಹೀಗೆ: ಮನೆಯಲ್ಲಿ ಅವಳು ತುಂಬುವುದು, ಇಲ್ಲಿ ಇವನು ಸುರಿಯುವುದು, ಹೊಲದಲ್ಲಿ ಮತ್ತೆ ಇವನೇ ತುಂಬುವುದು. ಇದಕ್ಕಿಂತ ಎಂಜಿನ್ ಹೆಡ್ ಬಿಚ್ಚುವುದೇ ಸುಲಭವಿತ್ತು.

ಅಣ್ಣ ಮುಂಚೆಯೇ ಹೋಗಿರುತ್ತಾನೆ ಎಂದುಕೊಂಡಿದ್ದ. ಹೋಗಿರಲಿಲ್ಲ. ಟಿವಿಎಸ್ ಹಿಂದಿನಿಂದ ಬಂದು ನಿಧಾನವಾಯಿತು. ಕನಕರಾಜು ಏಳುವುದಕ್ಕೆ ಹೋಗಿ, ಏಳಲಿಲ್ಲ. ಹೇಳುವುದಕ್ಕೆ ಒಂದು ಸುಳ್ಳು ಹುಡುಕಿದ, ಸಿಗಲಿಲ್ಲ. ಹೊಲದಲ್ಲೇ ತುಂಬಿಸುತ್ತೇನೆಂದು ಹೇಳಿದವನ ಹಂಡೆಯಿಂದ ನೀರು ಕೈಗಾತ್ರವಾಗಿ ಸುರಿಯುತ್ತಿತ್ತು.

ಗುರುಮಲ್ಲಯ್ಯ ಸ್ಟ್ಯಾಂಡು ಹಾಕಿದ. ನೀರನ್ನು ನೋಡಿದ, ಊರ ಕಡೆ ತಿರುಗಿ ಮನೆಯ ದಿಕ್ಕಿಗೆ ನೋಡಿದ, ತಮ್ಮನನ್ನು ನೋಡಿದ. ಮುಖದಲ್ಲಿ ಏನೋ ಬಂದು ಹೋಯಿತು. ಕೋಪವೋ ನಗುವೋ ಕನಕರಾಜುವಿಗೆ ತಿಳಿಯಲಿಲ್ಲ. ಬುತ್ತಿಯನ್ನು ಕಟ್ಟೆಯ ಮೇಲಿಟ್ಟು ಅವನೂ ಪಕ್ಕದಲ್ಲಿ ಕೂತ.

"ಇನ್ನೊಂಚೂರು ಮುಂದ್ಕೆ ನಿಲ್ಲುಸ್ಬೇಕಾಗಿತ್ತು ಕಣ್ಲಾ," ಎಂದ. "ಅವ್ವ ಮಾಳಿಗೆ ಮೇಲೆ ಬಟ್ಟೆ ಒಣಗಾಕಕ್ಕೆ ಬಂದ್ರೆ ಇಲ್ಗಂಟ ಕಾಣ್ತದೆ."

"ಮುಂದ್ಕೆ ಏರು ಅದೆ. ಎಳೆಯಲ್ಲ."

ಗುರುಮಲ್ಲಯ್ಯ ಹೂಂ ಎಂದ. ಬಲಭುಜವನ್ನು ಎಡಗೈಯಿಂದ ನೀವಿಕೊಳ್ಳುತ್ತ ನೀರನ್ನೇ ನೋಡುತ್ತಿದ್ದ. ಧಾರೆ ದಪ್ಪದಿಂದ ಸಣ್ಣದಾಗಿ, ಸಣ್ಣದರಿಂದ ಇನ್ನೂ ಸಣ್ಣದಾಯಿತು. ಅವನು ಎದ್ದು ಹಂಡೆಯ ತಳಕ್ಕೆ ಕಿವಿಗೊಟ್ಟು ತಟ್ಟಿ ನೋಡಿದ.

"ಒಂದು ಕೊಡದಷ್ಟು ಇರ್ಲಿ. ನಿಲ್ಸು."

ಎದ್ದು ಬಗ್ಗುವಾಗ ಕನಕರಾಜುವಿನ ಸೊಂಟ ಹಿಡಿಯಿತು. ವಾಲ್ವು ತಿರುಗಿಸಿದ.